ನನ್ನ ಕೌಮಿನವರು

ಕೋಣಂದೂರು
೧೭ ಆಗಸ್ಟ್ ೨೦೨೫, ಭಾನುವಾರ

ಹಫೀಜುಲ್ಲಾ ಅವರಿಗೆ ಮೈಮೂನಾಳ ಸಲಾಮ್.

ನಿಮ್ಮ ಕಾಗದ ಬಂದು ಇಪ್ಪತ್ತು ದಿನವಾಯಿತು. ಮೂರು ವರ್ಷ ಬೇರೆ ಇದ್ದ ಹೆಂಡತಿಗೆ ಫೋನಾದರೂ ಮಾಡಬಾರದಿತ್ತೇ ಎಂದು ಮೊದಲು ಸಿಟ್ಟು ಬಂತು. ಮಾಡಿದ್ದರೆ ನಾನು ಎತ್ತುತ್ತಿರಲಿಲ್ಲ, ಅದು ನಿಮಗೂ ಗೊತ್ತಿತ್ತು. ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ಬೇಸರಪಡಬೇಡಿ. ಕನ್ನಡ ಟೀಚರ್ ಎಂಬ ಜಂಬವಲ್ಲ. ನಾವು ಜಗಳವಾಡಿದ್ದೆಲ್ಲ ಉರ್ದುವಿನಲ್ಲಿ. ಆ ಭಾಷೆ ಹಿಡಿದರೆ ಇದೂ ಜಗಳವಾಗಿಬಿಡುತ್ತದೆ.

ಸಾಗರದ ಮಸೀದಿಯವರು ನಿಮ್ಮನ್ನು ಕೆಲಸದಿಂದ ಬಿಡಿಸಿದ ಸುದ್ದಿ ನಿಮ್ಮ ಕಾಗದದಿಂದಲೇ ತಿಳಿಯಿತು. ಬೇರೆ ಪಂಗಡದ ಜಮಾತಿನವನೆಂದು ಯಾರೂ ಮುಂದೆ ಬಾರದಿದ್ದಾಗ, ಸತ್ತ ಒಬ್ಬ ಲಾರಿ ಡ್ರೈವರನ ಜನಾಜಾ ನಮಾಜನ್ನು ನೀವು ಓದಿಸಿದಿರಂತೆ, ಅದಕ್ಕೆ. ಮರುದಿನ ಹೊಸನಗರಕ್ಕೆ ಹೋಗಿ ನಮ್ಮ ಅಬ್ಬಾನ ಕಬರಿನ ಹತ್ತಿರ ಒಬ್ಬರೇ ಕೂತಿದ್ದಿರಂತೆ. "ಅವತ್ತು ಮಾಡಬೇಕಾದ್ದನ್ನು ಇವತ್ತು ಮಾಡಿದೆ" ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಆದರೆ ಅಬ್ಬಾನನ್ನು ಮಣ್ಣು ಮಾಡಿದ ಅವತ್ತು ಏನು ನಡೆಯಿತೆಂದು ನಿಮಗೆ ಪೂರ್ತಿ ಗೊತ್ತಿಲ್ಲ. ನೀವು ಅಲ್ಲಿರಲಿಲ್ಲ, ನಾನು ಹೇಳಿಯೂ ಇಲ್ಲ.

ಅಬ್ಬಾ ತೀರಿಕೊಂಡ ವರ್ಷವೇ ಅವರ ಗೆಳೆಯ ಜಟ್ಟಿಂಗಪ್ಪ ತೀರಿಕೊಂಡಾಗ ಅಬ್ಬಾ ಚಟ್ಟಕ್ಕೆ ಹೆಗಲು ಕೊಟ್ಟರು. ಅಬ್ಬಾ ಊರಿನ ಮಾಸ್ತರಲ್ಲವೇ, ಸ್ಮಶಾನದಲ್ಲಿ ಮಾಸ್ತರು ನಾಲ್ಕು ಮಾತಾಡಲಿ ಎಂದರಂತೆ ಯಾರೋ. ಇವನು ನನ್ನ ಕೌಮಿನವನು, ನನ್ನ ಜನ, ಎಂದಷ್ಟೇ ಹೇಳಿ ಕೂತುಬಿಟ್ಟರು. ಅದು ಹೊಸನಗರದ ಮಸೀದಿ ಕಮಿಟಿಗೆ ಮುಟ್ಟಿತು. ಆಗ ಅಲ್ಲಿ ಶುಕ್ರವಾರದ ಪ್ರವಚನ ಕೊಡುವ ಖತೀಬರಾಗಿದ್ದ ನಿಮ್ಮ ಮುಂದೆಯೇ ಅವರನ್ನು ಕೂರಿಸಿ ವಿಚಾರಿಸಿದರು. ಮದೀನಾದಲ್ಲಿ ಪ್ರವಾದಿಯವರು ಯಹೂದಿಗಳನ್ನೂ ಸೇರಿಸಿ ಕರಾರು ಮಾಡಿಕೊಂಡು, ಎಲ್ಲರೂ ಒಂದೇ ಸಮುದಾಯ, ಧರ್ಮ ಅವರವರದು ಎಂದರಲ್ಲ, ನಾನು ಅದಕ್ಕಿಂತ ಹೆಚ್ಚೇನು ಹೇಳಿದೆ ಎಂದು ಅಬ್ಬಾ ಕೇಳಿದರು. ಮುಸ್ಲಿಮರ ಉಮ್ಮತ್ ಒಂದೇ ದೇಹ, ಅದಕ್ಕೆ ಗಡಿಯಿಲ್ಲ ಎಂದಿರಿ ನೀವು. ಮಣ್ಣಿನ ಮೇಲೆ ಕಟ್ಟಿದ ಕೌಮು ಇವತ್ತಲ್ಲ ನಾಳೆ ಮಣ್ಣನ್ನೇ ಪೂಜಿಸು ಅನ್ನುತ್ತದೆ ಎಂದೂ ಸೇರಿಸಿದಿರಿ. ಅಬ್ಬಾ ನಕ್ಕರು. "ಪ್ರೀತಿಸೋದಕ್ಕೂ ಪೂಜಿಸೋದಕ್ಕೂ ನಡುವೆ ಜಾಗ ಇದೆ ಹಫೀಜ್. ನಾನು ಅಲ್ಲಿದ್ದೀನಿ." ಕ್ಷಮೆ ಮಾತ್ರ ಕೇಳಲಿಲ್ಲ.

ಆರು ತಿಂಗಳಿಗೆ ಅಬ್ಬಾ ಹೋಗಿಯೇಬಿಟ್ಟರು. ನೀವು ನಮಾಜು ಓದಿಸಕೂಡದೆಂದು ಕಮಿಟಿ ಹೇಳಿತು. ಮಾವನ ಮೈ ತೊಳೆಯಲಿಕ್ಕೂ ಬರದೆ ನೀವು ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರಿ. ನಾನು ಹೊರಗೆ ನಿಂತು ಕೇಳಿದ್ದು ಒಂದೇ ಮಾತು: "ಒಂದೇ ದೇಹ ಅಂತೀರಲ್ಲ, ಅದರಲ್ಲಿ ನಮ್ಮ ಅಬ್ಬಾ ಇಲ್ವಾ?"

ತೀರ್ಥಹಳ್ಳಿಯಿಂದ ಬಂದ ಚಾಚಾ ನಮಾಜು ಓದಿಸಿದರು. ಅವರ ಹಿಂದೆ ನಿಂತದ್ದು ಹನ್ನೊಂದು ಜನ. ಅಬ್ಬಾನ ಹತ್ತಿರ ಅಕ್ಷರ ಕಲಿತವರೇ ಕಮಿಟಿಗೆ ಹೆದರಿ ರಸ್ತೆಯಾಚೆ ಅಂಗಡಿಗಳ ಮುಂದೆ ನಿಂತು ನೋಡಿದರು. ಹೆಂಗಸಾದ ನಾನು ಖಬರಸ್ಥಾನದ ಗೋಡೆಯ ಹೊರಗಿದ್ದೆ. ಜಟ್ಟಿಂಗಪ್ಪನವರ ಹೆಂಡತಿ ಬೆಳ್ಳಮ್ಮ ಮಗ ಶಿವುವನ್ನು ಕರೆದುಕೊಂಡು ಬಂದರು. "ಮಾಸ್ತರು ನಮ್ಮೋರು. ನಾವು ಎಲ್ಲಿ ನಿಂತ್ಕಬೇಕು ಹೇಳವ್ವಾ" ಅಂದರು. ನನಗೂ ಗೊತ್ತಿರಲಿಲ್ಲ. ನನ್ನ ಪಕ್ಕದಲ್ಲೇ ನಿಂತರು. ಮಣ್ಣು ಹಾಕಿ ಮುಗಿಯುವವರೆಗೂ ಶಿವು ಚಪ್ಪಲಿ ಮೆಟ್ಟಲಿಲ್ಲ.

ಅದಾದ ಮೇಲೆ ನಾನು ಇಲ್ಲಿಗೆ ವರ್ಗ ಮಾಡಿಸಿಕೊಂಡೆ. ಆರಾಮಾಗಿದ್ದೇನೆ ಎಂದು ನಿಮ್ಮ ತಂಗಿಯ ಹತ್ತಿರ ಹೇಳಿ ಕಳಿಸಿದ್ದು ಸುಳ್ಳು. ರಂಜಾನಿನಲ್ಲಿ ಒಬ್ಬಳೇ ಖರ್ಜೂರ ಮುಂದಿಟ್ಟುಕೊಂಡು, ಮಸೀದಿಯ ಬಾಂಗು ಮುಗಿದ ಮೇಲೂ ಯಾರೋ ಬರುವವರಿದ್ದಾರೆ ಎಂಬಂತೆ ಕೂತಿರುತ್ತೇನೆ.

ಮೊನ್ನೆ ಶುಕ್ರವಾರ ಸ್ವಾತಂತ್ರ್ಯ ದಿನಾಚರಣೆ. ಧ್ವಜ ಏರಿದ ಮೇಲೆ, ಈ ವರ್ಷ ಹೊಸದಾಗಿ, ಭಾರತಮಾತೆಯ ಪಟವಿಟ್ಟು ಟೀಚರುಗಳೆಲ್ಲ ಆರತಿ ಎತ್ತಬೇಕೆಂದರು. ಧ್ವಜಕ್ಕೆ ವಂದಿಸುವಾಗ ನನಗೆ ಎಂದಿನಂತೆ ಕಣ್ಣು ತುಂಬಿತ್ತು. ಆರತಿ ತಟ್ಟೆ ಕೈಗೆ ಬಂದಾಗ ಮಾತ್ರ ಪಕ್ಕದಲ್ಲಿದ್ದ ಶ್ರೀಗೌರಿ ಟೀಚರಿಗೆ ದಾಟಿಸಿದೆ. ಚಹಾದ ಹೊತ್ತಿಗೆ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಗಜಾನನ ಮೇಷ್ಟ್ರು ಒಬ್ಬರೇ ಹತ್ತಿರ ಬಂದು, ಮನೆಯವರು ಸಾಗರದಲ್ಲಿ ಮೌಲ್ವಿಯಂತಲ್ಲ, ಅವರು ಬೇಡ ಅಂದಿದ್ದಾರಾ ಎಂದು ಕೇಳಿದರು. ಯಾರೂ ಹೇಳಿಕೊಟ್ಟದ್ದಲ್ಲ, ಇದು ನನ್ನ ನಂಬಿಕೆ, ಎಂದೆ.

ಆಗ ಮಣ್ಣಿನ ಪೂಜೆಯ ಬಗ್ಗೆ ನೀವು ಅಬ್ಬಾಗೆ ಹೇಳಿದ್ದು ನೆನಪಾಯಿತು. ನಿಮ್ಮ ಮಾತು ಪೂರ್ತಿ ತಪ್ಪಾಗಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಮೂರು ವರ್ಷ ಬೇಕಾಯಿತು. ಅಬ್ಬಾ ಹೇಳುತ್ತಿದ್ದ ಜಾಗ ಇದ್ದೇ ಇದೆ, ಆದರೆ ಅಲ್ಲಿ ಜೊತೆಗೆ ಯಾರೂ ಇರುವುದಿಲ್ಲ ಎಂಬುದನ್ನು ಅವರು ನಮಗೆ ಹೇಳಲಿಲ್ಲ.

ಕ್ಷಮಿಸಿದೆ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೂ ಬರುವ ಭಾನುವಾರ ಒಮ್ಮೆ ಬನ್ನಿ. ಮನೆ ಪೇಟೆಯಲ್ಲೇ ಇದೆ, ಮೈಮೂನಾ ಟೀಚರ್ ಎಂದರೆ ಯಾರಾದರೂ ತೋರಿಸುತ್ತಾರೆ.

ಇತಿ,
ರೇಷನ್ ಕಾರ್ಡಿನಿಂದ ಇನ್ನೂ ನಿಮ್ಮ ಹೆಸರು ತೆಗೆಸದ
ಮೈಮೂನಾ

ವಿ.ಸೂ.: ಗಜಾನನ ಮೇಷ್ಟ್ರಿಗೆ ನಾನು ಹೇಳಿದ್ದು ಮೇಲೆ ಬರೆದ ಮಾತಲ್ಲ. ಹಾಗೆ ಹೇಳಬೇಕಿತ್ತು. ಸುತ್ತ ಎಲ್ಲರೂ ಕಿವಿಗೊಟ್ಟಿದ್ದರು, ಹೆದರಿಬಿಟ್ಟೆ. ನಮ್ಮ ಮನೆಯವರು ತೀರಿಕೊಂಡು ಮೂರು ವರ್ಷವಾಯಿತು ಎಂದೆ. ಸಂಜೆ ಶ್ರೀಗೌರಿ ಮನೆಗೆ ಬಂದು, ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದೆಯಲ್ಲ ಎಂದು ನನ್ನ ಕೈ ಹಿಡಿದು ಅತ್ತಳು. ನಾನೂ ಅತ್ತೆ, ನಿಜ ಹೇಳಲಿಲ್ಲ. ನಾಳೆ ಶಾಲೆಗೆ ಹೋಗಿ ಎಲ್ಲರೆದುರು ಹೇಳುವವಳಿದ್ದೇನೆ. ಇದನ್ನು ಓದಿದ ಮೇಲೂ ಬರಬೇಕೆನ್ನಿಸಿದರೆ ಬನ್ನಿ.