ಸಕ್ಕರೆ ಉದುರಿಸಿದ ಬನ್ನು

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಅದೇ. ಬೇಯಿಸಿದ ಕಾಳು, ಎಲೆಕೋಸು, ಒಂದು ಮೊಟ್ಟೆ. ಎಣ್ಣೆ ಬಾಟಲಿ ಮೇಲಿನ ಶೆಲ್ಫಿಗೆ ಹತ್ತಿ ಕೂತಿದೆ, ನನ್ನ ಕೈಗೆ ಎಟುಕದ ಹಾಗೆ. ತೂಕ ಇಳಿಸದೆ ಮಂಡಿ ಆಪರೇಷನ್ ಮಾಡುವುದಿಲ್ಲ ಅಂದಿದ್ದಾರೆ ಡಾಕ್ಟರು. ಸರಿ, ನನಗೊಬ್ಬಳಿಗೆ ಬೇಯಿಸಿಟ್ಟರೆ ಸಾಕಿತ್ತು. ಸೊಸೆ ಕೇಳಲಿಲ್ಲ. ಅತ್ತೆ ಸಪ್ಪೆ ತಿನ್ನುವಾಗ ಎದುರಿಗೆ ಕೂತು ಕರಿದದ್ದು ತಿನ್ನುವುದಾ ಅಂದಳಂತೆ ಮಗನಿಗೆ. ಈಗ ಮನೆಮಂದಿಗೆಲ್ಲ ಒಂದೇ ಪಾತ್ರೆ. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಹಾಕಿ, ಮಾರ್ಕೆಟ್ ಮುಚ್ಚುವ ಹೊತ್ತಿಗೆ ಹೋಗಿ ಅಗ್ಗಕ್ಕೆ ಸಿಕ್ಕ ಸೊಪ್ಪು ತರುತ್ತಾಳೆ.

ಆಸ್ಪತ್ರೆ ಊಟಕ್ಕೇ ಇದಕ್ಕಿಂತ ರುಚಿ ಇರುತ್ತದೆ ಅಂದೆ. ನಿಜ ಹೇಳಬೇಕೆಂದರೆ ಕಾಳು ಹದವಾಗಿ ಬೆಂದಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ಫೆಬ್ರವರಿ 5

ಸಂಜೆ ವಾಕಿಂಗ್. ಅದೂ ಡಾಕ್ಟರ ಅಪ್ಪಣೆ. ಪಾರ್ಕಿನ ಗೇಟಿನವರೆಗೆ ಹೋದೆ... ಗೇಟಿನ ಎದುರಿಗೇ ಬೇಕರಿ. ಬನ್ನು ಆಗ ತಾನೆ ಹೊರಗೆ ಬಂದಿತ್ತು, ಮೇಲೆ ಸಕ್ಕರೆ. ಒಂದೇ ಒಂದು ಅಂದುಕೊಂಡೆ. ಬೆಂಚಿನ ಮೇಲೆ ರಸ್ತೆಗೆ ಬೆನ್ನು ಮಾಡಿ ಕೂತು ತಿಂದೆ. ಹೋಗುವಾಗ ನೋಯದ ಮಂಡಿ ಬರುವಾಗ ನೋಯುತ್ತಿತ್ತು.

ಫೆಬ್ರವರಿ 19

ಒಂದೇ ಒಂದು ಅಂದಿದ್ದೆ. ಈಗ ನನ್ನನ್ನು ಕಂಡರೆ ಬೇಕರಿಯ ಗುಂಡ — ನಾನೇ ಇಟ್ಟ ಹೆಸರು — ಕೇಳದೆಯೇ ಬನ್ನು ಇಟ್ಟುಕೊಡಲು ಕಾಗದ ಹರಿಯುತ್ತಾನೆ.

ಮೊಮ್ಮಗಳು ಇವತ್ತು ನನ್ನ ಸ್ವೆಟರ್ ಮೇಲೆ ಬೆರಳಿಟ್ಟು, ಇದೇನಜ್ಜಿ ಬೆಳ್ಳಗೆ ಅಂದಳು. ಸೋಪಿನ ಪುಡಿ ಅಂದೆ. ಬೆರಳು ನೆಕ್ಕಲು ಹೊರಟಳು, ಕೈ ಹಿಡಿದುಕೊಂಡೆ. ಮಗ ಪಕ್ಕದ ಮನೆಯವರಿಗೆ ಹೇಳುತ್ತಿದ್ದ, ನಮ್ಮಮ್ಮ ಒಂದು ದಿನವೂ ವಾಕಿಂಗ್ ತಪ್ಪಿಸುವುದಿಲ್ಲ ಅಂತ. ಕಿವುಡಿಯ ಹಾಗೆ ಕೂತೆ.

ಮಾರ್ಚ್ 12

ಆಸ್ಪತ್ರೆಯ ತೂಕದ ಮಿಷನ್ನು ಮಾನ ಕಳೆಯಿತು. ಇಳಿದಿಲ್ಲ, ಏರಿದೆ. ಮಗನ ಹೊಟ್ಟೆ ಕರಗಿದೆ. ಸೊಸೆಯ ಯೂನಿಫಾರ್ಮಿನ ಸೊಂಟಕ್ಕೆ ಪಿನ್ನು ಬಂದಿದೆ. ನಾನೊಬ್ಬಳೇ...

ಏನು ತಿನ್ನುತ್ತೀರಿ ಅಂದರು ಡಾಕ್ಟರು. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಒಪ್ಪಿಸಿದಳು — ಕಾಳು, ಸೊಪ್ಪು, ಮೊಟ್ಟೆ, ಒಂದು ಚಮಚ ಎಣ್ಣೆ ಹೆಚ್ಚಿಲ್ಲ, ಬಡಿಸುವುದೂ ನಾನೇ ಅಂತ. ಡಾಕ್ಟರು ಹುಬ್ಬು ಗಂಟಿಕ್ಕಿದರು. ಇಷ್ಟೇ ತಿಂದೂ ಏರುತ್ತಿದೆ ಅಂದರೆ ಒಳಗೆ ಏನೋ ಇರಬಹುದು, ಹೊಟ್ಟೆ ಸ್ಕ್ಯಾನ್ ಮಾಡಿಸಿ ಅಂದರು.

ಆಗಲೇ ಹೇಳಬೇಕಿತ್ತು. ಸ್ಕ್ಯಾನ್ ಚೀಟಿ ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಮಾರ್ಚ್ 14

ಸೊಸೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಅವಳ ತಾಯಿಗೂ ಹೀಗೇ ಶುರುವಾಗಿತ್ತಂತೆ — ತಿನ್ನುವುದು ಕಮ್ಮಿ, ಮೈ ಮಾತ್ರ ಊದುತ್ತಾ ಹೋಯಿತಂತೆ. ಮಗ ಹೇಳಿದ. ಆ ತಾಯಿ ಹೋದದ್ದು ಗೊತ್ತಿತ್ತು. ಹೇಗೆ ಅಂತ ಕೇಳಿರಲಿಲ್ಲ.

ಇವತ್ತು ಬೇಕರಿ ಕಡೆ ಹೋಗಲಿಲ್ಲ. ಹೋಗದಿದ್ದದ್ದು ಏನು ದೊಡ್ಡಸ್ತಿಕೆ.

ಮಾರ್ಚ್ 17, ಮಧ್ಯಾಹ್ನ

ನಾಳೆ ಸ್ಕ್ಯಾನ್. ಅದಕ್ಕೆ ಸೊಸೆ ಇವತ್ತಿನಿಂದಲೇ ರಜೆ ಹಾಕಿದ್ದಾಳೆ. ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನಾನೂ ಒಂದು ಕಟ್ಟು ಎಳೆದುಕೊಂಡೆ. ಹೇಳಿಬಿಟ್ಟೆ. ಬನ್ನು, ಗುಂಡ, ಸೋಪಿನ ಪುಡಿ, ಎಲ್ಲ.

ಅವಳ ಕೈ ನಿಂತಿತು.

"ಹಾಗಾದ್ರೆ ಕಾಯಿಲೆ ಏನೂ ಇಲ್ವಾ ಅತ್ತೆ?"

"ಇಲ್ಲ ಕಣೆ. ಬಾಯಿ ಚಪಲ, ಅಷ್ಟೆ."

ಬೈಯುತ್ತಾಳೆ ಅಂತ ಕಾದೆ. ನಾನಾಗಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದೆ. ಅವಳು ಕಣ್ಣು ಒರೆಸಿಕೊಂಡು ನಕ್ಕಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಸೊಪ್ಪು ಮುಗಿಯುತ್ತಾ ಬಂದಾಗ, ತಲೆ ಎತ್ತದೆ ಕೇಳಿದಳು.

"ಒಂದಿನನಾದ್ರೂ ನಂಗೊಂದು ತರೋಣ ಅನ್ನಿಸ್ಲಿಲ್ವಾ?"

ಅನ್ನಿಸಿರಲಿಲ್ಲ. ಒಂದು ದಿನವೂ.

ಮಾರ್ಚ್ 18

ಡಾಕ್ಟರಿಗೆ ನಾನೇ ಹೇಳಿದೆ. ಸ್ಕ್ಯಾನ್ ಸದ್ಯಕ್ಕೆ ಬೇಡ, ಬನ್ನು ಬಿಡಿ ಅಂದರು. ನರ್ಸು ನಕ್ಕಳು. ನಗಲಿ.

ಸಂಜೆ ಬೇಕರಿಗೆ ಹೋದೆ. ಒಂದು ಕೊಡು, ಪೊಟ್ಟಣ ಕಟ್ಟು ಅಂದೆ. ಗುಂಡ ಬಾಯಿ ಬಿಟ್ಟುಕೊಂಡು ನೋಡಿದ. ಬೆಂಚು ದಾಟುವಾಗ ಪೊಟ್ಟಣ ಇನ್ನೂ ಬಿಸಿ, ಬಾಯಲ್ಲಿ ನೀರು... ನಿಲ್ಲದೆ ನಡೆದೆ.

ಸೊಸೆಯ ಮುಂದೆ ಇಟ್ಟೆ. ಬಿಚ್ಚಿದಳು. ಮುರಿದಳು. ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದಳು. ಬೇಡ ಕಣೆ, ಡಾಕ್ಟರು ಬೈತಾರೆ ಅಂದೆ.

"ಇದೊಂದು. ನನ್ನೆದುರಿಗೇ ತಿನ್ನಿ ಅತ್ತೆ."

ಬಾಯಿಗಿಟ್ಟೆ. ಅದೇ ಸಕ್ಕರೆ, ಅದೇ ಬನ್ನು. ಈ ಸಲ ಬೆನ್ನು ತಿರುಗಿಸದೆ, ಅವಳ ಎದುರಿಗೇ ಕೂತು ತಿಂದೆ.