ಕೀಲಿ ಹಾಕಾಕ ಒಂದು ಮನಿ

ಜನವರಿ 8, 2004. ಬೆಳಿಗ್ಗೆ 6.20

ಬಚ್ಚಲಕ್ಕ ಪಾಳಿ. ನಾ ನಾಕನೇದಾಕಿ. ಒಳಗ ಅಣ್ಣ ಶಿವಲಿಂಗಪ್ಪ. ಗಂಟಲಾ ತೊಳಕೊಳ್ಳೂ ಸಪ್ಪಳಾ ಇಡೀ ಇಳಕಲ್ಲಿಗೆ ಕೇಳಬೇಕು. ಆಮ್ಯಾಲ ಅಣ್ಣನ ಹೆಂಡ್ತಿ, ವೈನಿ ಶೈಲಶ್ರೀ. ಆಮ್ಯಾಲ ಅವರ ಮಗಳು, ಕಾಲೇಜ್ ಬಸ್ ತಪ್ಪಬಾರದು. ಆಮ್ಯಾಲ — ನೀರು ಉಳದ್ರ — ಮಸ್ಕತ್ತಿನ್ಯಾಗ ಹನ್ನೆರಡು ವರ್ಷ ಬ್ಲೌಸ್ ಹೊಲದ ಮಹಾನಂದಾ.

ಎರಡು ವರ್ಷಕ್ಕೊಮ್ಮೆ ರಜಾ. ನಲವತ್ತು ದಿನ. ಮೂರು ಹೋದುವು.

ಮಾಳಿಗಿ ಮ್ಯಾಲಿನ ಖೋಲಿಗೆ 'ಮಹಾನಂದಾನ ಖೋಲಿ' ಅಂತಿದ್ರು, ನಾ ಇಲ್ಲದಾಗೂ. ಈ ಸಲ ಅದರಾಗ ನೂಲಿನ ಗಂಟು, ಎರಡು ಮುರುಕು ರಾಟಿ, ಪಾವರ್‌ಲೂಮಿನ ಮೋಟರು. ನನ್ನ ಟ್ರಂಕು ಪಾವಟಿಗಿ ಕೆಳಗ. "ತಗಸಬೇಕಂತ ಇದ್ದೆವಾ, ಆಗಲಿಲ್ಲ," ಅಂದ ಅಣ್ಣ. ನನಗ ಹಾಲ್‌ನ್ಯಾಗ ಗಾದಿ. ಟಿವಿ ಬಂದ್ ಆದಮ್ಯಾಲ ನನ್ನ ಖೋಲಿ ಚಾಲೂ.

ಅದೇ ದಿನ, 11 ಗಂಟೆ

ಟ್ರಂಕಿನ ಕೀಲಿ ಮುರದೈತಿ. ವೈನಿಗೆ ಕೇಳಿದೆ.

"ಜಿರಳಿ ಆಗಿದ್ದುವ್ರೀ. ಔಷಧಾ ಹೊಡಿಯಾಕ ತಗದೆ."

ನೋಡಿದೆ. ಜಿರಳಿ ಎಲ್ಲಾ ಅದಾವ. ಎರಡು ಸೀರಿ ಸತ್ತಾವ.

ಬಾಡಗಿ ಮನಿ ಹಿಡಿತೇನಿ. ಬರದಿಟ್ಟೆ. ಇನ್ನ ಹಿಂದ ಸರಿಯೂದಿಲ್ಲ.

ಜನವರಿ 10

ಊಟಕ್ಕ ಕುಂತಾಗ ಹೇಳಿದೆ. ಅಣ್ಣನ ಕೈಯಾಗಿನ ರೊಟ್ಟಿ ಅಲ್ಲೇ ನಿಂತಿತು.

"ಬಾಡಗಿ ಮನಿ? ಯಾರಿಗೆ?"

"ನನಗ."

"ನೀ ಇರೂದು ಎರಡು ವರ್ಷಕ್ಕ ನಲವತ್ತು ದಿನ!"

"ಹೂಂ."

"ಉಳದ ದಿನ?"

"ಕೀಲಿ."

"ಹಂಗಾರ ಕೀಲಿಗೆ ಬಾಡಗಿ ಕೊಡ್ತಿ ಏನ?"

"ಕೀಲಿಗೇ ಕೊಡ್ತೇನಿ."

ವೈನಿ ನಕ್ಕಳು. ಅಣ್ಣ ನಗಲಿಲ್ಲ. "ಅಣ್ಣನ ಮನಿ ಇದ್ದೂ ತಂಗಿ ಬಾಡಗಿ ಮನ್ಯಾಗ ಅಂದ್ರ ಮಂದಿ ಏನಂದಾರು?"

"ಅಂದದ್ದೆಲ್ಲಾ ಬರದಿಡು. ಹೋಗೂದ್ರಾಗ ಒಮ್ಮೆ ಕುಂತು ಓದ್ತೇನಿ."

ಊಟ ಅರ್ಧಕ್ಕ ಬಿಟ್ಟು ಎದ್ದ. ನಾ ಪೂರಾ ಉಂಡೆ. ಬದನಿಕಾಯಿ ಪಲ್ಯ ಛಲೋ ಆಗಿತ್ತು, ಸುಳ್ಳ್ಯಾಕ ಹೇಳ್ಲಿ.

ಜನವರಿ 12

ಇಳಕಲ್ಲಾಗ ಮೂರು ಮನಿ.

ಒಂದನೇದು — ಎರಡು ಖೋಲಿ, ನಳಾ ಐತಿ, ಮಾಲಕಿ ಚಾ ಕೊಟ್ಟಳು. "ಗಂಡ ಎಲ್ಲದಾರ್ರೀ?"

"ಕುಳಗೇರಿ ಕ್ರಾಸಿನ್ಯಾಗ."

"ಅಲ್ಲೇನ ಮಾಡ್ತಾರ?"

"ಇನ್ನೊಬ್ಬಾಕಿ ಕೂಡ ಸಂಸಾರ. ಇಪ್ಪತ್ತು ವರ್ಷಾತು. ಆರಾಮ ಅದಾರಂತ."

ಇನ್ನೊಂದು ಕಪ್ ಚಾ ಕೊಟ್ಟಳು. ಮನಿ ಕೊಡಲಿಲ್ಲ.

ಎರಡನೇದು — ಬಾಗಲದಾಗ ನಿಂದ್ರಿಸೇ ಮಾತಾಡಿ ಕಳಿಸಿದ್ರು. ಮೂರನೇದು — "ನಿಮ್ಮ ಅಣ್ಣಾರಿಗೆ ಒಂದು ಮಾತು ಕೇಳಿ ಹೇಳ್ತೇವ್ರಿ." ಮಗ್ಗ ಇದ್ದವರೆಲ್ಲಾ ಅಣ್ಣನ ಅಂಗಡಿ ನೂಲು ಒಯ್ಯೂ ಮಂದಿ. ಇಲ್ಲಿ ಆಗೂ ಕೆಲಸಲ್ಲ ಇದು.

ಮಸ್ಕತ್ತಿನ್ಯಾಗೂ ಇದ ಕತಿ. ಫ್ಲ್ಯಾಟ್ ಕೇಳಾಕ ಹೋದ್ರ ವಾಚ್‌ಮನ್ ಕೇಳೂದು ಒಂದ ಪ್ರಶ್ನಿ: ಫ್ಯಾಮಿಲಿಯೋ, ಬ್ಯಾಚುಲರೋ? ಅಲ್ಲಿ ನಾ ಬ್ಯಾಚುಲರ್. ಇಲ್ಲಿ ನಾ 'ಪಾಪ'. ಬ್ಯಾಚುಲರಗೂ ಮನಿ ಇಲ್ಲ, ಪಾಪಕ್ಕೂ ಇಲ್ಲ. ಹನ್ನೆರಡು ವರ್ಷದಾಗ ಐದು ಖೋಲಿ ಬದಲಿಸೇನಿ. ಒಂದ್ರಾಗೂ ಆರು ಮಂದಿಗೆ ಕಮ್ಮಿ ಇರಲಿಲ್ಲ. ಖೋಲ್ಯಾಗ ಕೂಡ ಇದ್ದ ನರ್ಸು ಡ್ಯೂಟಿಗೆ ಎದ್ದು ಹೋದ್ರ ಆಕಿ ಮಂಚ ಬೆಚ್ಚಗ ಇದ್ದಾಗನ ನಾ ಮಲಗೂದು. ಆದ್ರ ಹುಡುಕೂದು ಕಲತೆ. ನಳಾ ಪೂರಾ ತಿರುವಿ ನೋಡು. ಸಂಡಾಸಕ್ಕ ನೀರು ಬಿಟ್ಟು ನೋಡು. ಮಾಲಕ ಭಾಳ ನಗಾಕತ್ರ ಗ್ವಾಡಿ ಮುಟ್ಟಿ ನೋಡು, ಹಸಿ ಇರ್ತೈತಿ.

ಜನವರಿ 16

ಸಂಕ್ರಮಣ ಮುಗೀತು. ಮತ್ತ ಹುಡುಕೂದು. ಹುನಗುಂದ.

ಮನಿ ಪಸಂದ. ಮಾಲಕರು ತಿಮ್ಮಣ್ಣ ಅಂತ, ರಿಟೈರ್ಡ್ ಮಾಸ್ತರು, ಗಂಡನ ಸುದ್ದಿನೂ ತಗೀಲಿಲ್ಲ. ಇದು ಆತು ಅಂದ್ಕೊಂಡೆ. ಕಡೀಕ ಹೇಳಿದ್ರು — "ನೀವು ಇರೋದಿಲ್ಲ ಅಂತೀರಿ. ಸಂಜೀಕ ದೀಪಾ ಹಚ್ಚೋರು ಯಾರು? ದೀಪಾ ಇಲ್ಲದ ಮನಿ ಗ್ವಾಡಿಗೆ ಗ್ವಾಡಿ ಹತ್ತಿ ಇದ್ರ ನಮಗ ಒಳ್ಳೇದಲ್ಲ ತಾಯಿ."

"ಬಲ್ಬ್ ಹಚ್ಚೇ ಇಟ್ಟು ಹೋಗ್ತೇನ್ರಿ. ಎರಡು ವರ್ಷ ಉರೀಲಿ."

"ಬಲ್ಬು ದೀಪಾ ಅಲ್ಲ."

ಸಾಲ್ಯಾಗ ಇವರು ವಿಜ್ಞಾನ ಹೇಳ್ತಿದ್ರಂತ.

ಜನವರಿ 21

ಬಾದಾಮಿ. ಹೊಂಡದ ಕಡೆ ಒಂದು ಮಾಳಿಗಿ ಖೋಲಿ. ಕಿಡಕಿ ತಗದ್ರ ಮಂಗ್ಯಾ, ಮುಚ್ಚಿದ್ರ ಕತ್ತಲಿ. ಬಾಡಗಿ ಎರಡು ಸಾವಿರ.

"ಬಾಜೂ ಖೋಲಿ ಸಾವಿರ ಅಂದ್ರೆಲ್ಲಾ?"

"ಅದು ಊರವರಿಗ್ರಿ. ನೀವು ಫಾರಿನ್ನವರು."

"ಹಂಗಾರ ಕೊಡ್ರಿ, ಫಾರಿನ್ನವರಿಗೆ ಕೊಟ್ಟಂಗ. ಗಂಡ ಎಲ್ಲಿ, ಅಣ್ಣ ಯಾರು ಅಂತ ಕೇಳಬ್ಯಾಡ್ರಿ."

"ಅದ್ಹೆಂಗ್ರಿ? ನೀವು ನಮ್ಮ ಕಡ್ಯಾವರು. ಕೇಳಬೇಕಾಗ್ತೈತಿ."

ಬಾಡಗಿಗೆ ಫಾರಿನ್ನು, ಪ್ರಶ್ನಿಗೆ ಊರು. ಎದ್ದು ಬಂದೆ. ಬಸ್‌ಸ್ಟ್ಯಾಂಡಿನ್ಯಾಗ ಮಂಗ್ಯಾ ನನ್ನ ಬಾಳಿಹಣ್ಣು ಕಸಗೊಂಡು ಹೋತು. ಅದೊಂದ ಏನೂ ಕೇಳಲಿಲ್ಲ.

ಜನವರಿ 25. ಬಾಗಲಕೋಟಿ ಬಸ್ಸಿನ್ಯಾಗ, ತಿರುಗಿ ಬರೂವಾಗ

ಅಕ್ಷರ ಕುಣ್ಯಾಕತ್ತಾವ. ಆದ್ರೂ ಬರೀತೇನಿ.

ನವನಗರದಾಗ ಫಕ್ರುಸಾಬ ಸಿಕ್ಕ. ಆಟೋ ಹೊಡೀತಾನ, ಬಾಡಗಿ ಮನಿನೂ ತೋರಸ್ತಾನ. ನಾ ಹೇಳಿದ್ದೆಲ್ಲಾ ಕೇಳಿ ಆಟೋನ ರೋಡಿನ ಬಾಜೂಕ ನಿಂದ್ರಿಸಿಬಿಟ್ಟ.

"ಅಕ್ಕಾರ, ನಿಮ್ಮಂಥಾ ಬಾಡಗಿದಾರರು ಅಂದ್ರ ದೇವರು! ಮನ್ಯಾಗ ಇರಂಗಿಲ್ಲ. ನೀರು ಸುರಿಯಂಗಿಲ್ಲ. ಗ್ವಾಡಿಗೆ ಮೊಳಿ ಹೊಡಿಯಂಗಿಲ್ಲ. ಬಾಡಗಿ ಮಾತ್ರ ಬರ್ತೈತಿ. ಆದ್ರೂ ಕೊಡವಲ್ರಂದ್ರ ಜಿಲ್ಲಾಕ್ಕ ಜಿಲ್ಲಾನ ತಲಿ ಕೆಟ್ಟೈತಿ."

ಮಾದೇವಿ ಅನ್ನೋರ ಮನಿಗೆ ಒಯ್ದ. ಅರವತ್ತೈದರ ಮ್ಯಾಲಿನ ಹೆಂಗಸು. ಮುಂದ ತಾವು, ಹಿಂದ ಬಾಡಗಿಗೆ ಎರಡು ಖೋಲಿ. ಹೊಸಾ ಸಿಮೆಂಟಿನ ಮನಿ, ಆದ್ರ ಹಿಂದಿನ ಖೋಲಿಗೆ ಸಾಗವಾನಿ ಬಾಗಲಾ. ನೂರು ವರ್ಷದ್ದಿರಬೇಕು. ಹಿತ್ತಾಳಿ ಹೂವು, ಕಬ್ಬಿಣದ ಚಿಲಕ, ಬಾಜೂಕ ದೀಪದ ಗೂಡು. ಗಿಡ್ಡ ಬಾಗಲಾ — ಮ್ಯಾಲ ಇಟ್ಟಂಗಿ ತುಂಬಿ ಸರಿ ಮಾಡ್ಯಾರ. ಹಣಿ ಬಡೀತು.

"ಹಳೇ ಬಾಗಲಕೋಟಿದು," ಅಂದ್ರು ಮಾದೇವಮ್ಮ. "ಮನಿ ಡ್ಯಾಮಿನ ನೀರಾಗ ಹೋತು. ಬಾಗಲಾ ಕಿತ್ಕೊಂಡು ಬಂದ್ವಿ. ನೀ ಏನ ಮಾಡ್ತಿ ಮನಿ ಹಿಡದು?"

"ಕೀಲಿ ಹಾಕ್ತೇನ್ರಿ."

ಎಲ್ಲಾರೂ ನಗ್ತಾರ ಈ ಮಾತಿಗೆ. ಇವರು ನಗಲಿಲ್ಲ. ಎಲಿ ಮಡಚಿ ಬಾಯಾಗಿಟ್ಟು, ಅಗದು, ಆಮ್ಯಾಲ ಅಂದ್ರು — "ಬಾಗಲಾ ಕಿತ್ತಮ್ಯಾಲ ನಮ್ಮ ಮನಿ ಬಾಯಿ ತಕ್ಕೊಂಡು ನಿಂತಿತ್ತವ್ವಾ. ಕೀಲಿ ಹಾಕಿ ಬರೂ ಪುಣ್ಯಾನೂ ನನಗಿರಲಿಲ್ಲ. ನೀ ಹಾಕು."

ಬಾಡಗಿ ಒಂಬೈನೂರು. ನಾಳಿ ಮಾತು ಪಕ್ಕಾ ಮಾಡೂದು. ನಳಾ ತಿರುವಿ ನೋಡೂದ ಮರತೆ. ಹನ್ನೆರಡು ವರ್ಷದಾಗ ಮೊದಲನೇ ಸಲ.

ಜನವರಿ 26

ಮುರದು ಬಿತ್ತು.

ದೀಪದ ಮಾತು ಬರೂಕಿಂತ ಮೊದಲ ನಾನ ಹೇಳಿದೆ: ಗೂಡು ಹೊರಗೈತಿ, ಎಣ್ಣಿ ಖರ್ಚು ನಂದು, ನೀವು ಹಚ್ರಿ. ಹೂಂ ಅಂದ್ರು ಮಾದೇವಮ್ಮ. ಆಮ್ಯಾಲ ಕೈ ಚಾಚಿದ್ರು.

"ಒಂದು ಕೀಲಿ ನನ್ನ ಕಡೆ ಇರ್ಲಿ."

"ಇಲ್ರಿ."

"ಪೈಪು ಒಡದ್ರ?"

"ವಾಲ್ವ್ ಹೊರಗೈತಿ. ಬಂದ್ ಮಾಡ್ರಿ."

"ಬೆಂಕಿ ಬಿದ್ರ?"

"ಒಳಗ ಒಂದು ಟ್ರಂಕು, ಒಂದು ಸ್ಟೋವು. ಬೆಂಕಿಗೂ ಬ್ಯಾಸರಾಗ್ತೈತಿ."

"ನನ್ನ ಮನಿ, ನನಗ ಕೀಲಿ ಇಲ್ಲೇನ? ನನ್ನ ಮ್ಯಾಲ ನಂಬಿಗಿ ಇಲ್ಲ ನಿನಗ?"

"ನಿಮ್ಮ ಮ್ಯಾಲ ಐತ್ರಿ. ನಿಮ್ಮ ಕಡೆ ಆ ಕೀಲಿ ಕೇಳಾಕ ಬರೋರ ಮ್ಯಾಲ ಇಲ್ಲ."

"ಯಾರು ಬರ್ತಾರ ಇಳಕಲ್ಲಿಂದ ಇಲ್ಲೀತನಕ? ಭಾಳ ಶ್ಯಾಣ್ಯಾ ಅದಿ ನೀ. ಬ್ಯಾಡ ಬಿಡು."

ಫಕ್ರುಸಾಬ ಹಣಿ ಹಣಿ ಬಡಕೊಂಡ. "ಅಕ್ಕಾ, ಒಂದು ಕೀಲಿ! ಕೊಟ್ಟುಬಿಟ್ಟಿದ್ರ ಏನ ಹೋಗ್ತಿತ್ತು?"

ಏನ ಹೋಗ್ತಿತ್ತು? ಎರಡು ಕೀಲಿ ಇದ್ರ ಅದು ಮಾಳಿಗಿ ಖೋಲಿ ಆಗ್ತಿತ್ತು. ಇನ್ನೊಂದು 'ಮಹಾನಂದಾನ ಖೋಲಿ'. ಅಂಥಾದು ಒಂದು ಐತಿ, ಮೋಟರು ತುಂಬೈತಿ.

ಫೆಬ್ರವರಿ 1

ಆರು ದಿನ ಬರ್ದಿಲ್ಲ. ಬರಿಯೂವಂಥಾದ್ದು ಇರಲಿಲ್ಲ. ಗುಡೂರಿನ ತನಕ ಹೋಗಿ ಬಂದೆ, ಅಲ್ಲೂ ಇಲ್ಲ. ಹದಿಮೂರು ದಿನ ಉಳದಾವ.

ಇವತ್ತು ಈ ಡೈರಿ ಟ್ರಂಕಿನ್ಯಾಗ ಬಲಗಡೆ ಇತ್ತು. ನಾ ಎಡಗಡೆ ಇಡೂದು. ಜನವರಿ 25ರ ಹಾಳಿಗೆ ಅರಿಶಿಣದ ಬೆರಳು.

ಶೈಲಶ್ರೀ, ಓದಾಕತ್ತಿ ಅಂದ್ರ ಇದನ್ನೂ ಓದು. ಸತ್ತ ಎರಡು ಸೀರಿಯಾಗ ಒಂದು ನಿನಗಂತ ತಂದಿದ್ದೆ. ಓದಿದಮ್ಯಾಲ ಕೈ ತೊಳಕೋ.

ಫೆಬ್ರವರಿ 2, ಸಂಜೀಕ

ಎಸ್‌ಟಿಡಿ ಬೂತಿಗೆ ಫಕ್ರುಸಾಬನ ಫೋನು. "ಮಾದೇವಮ್ಮಾರು ಕರೀತಾರ. ಈಗಿಂದೀಗ."

ಹೋದೆ. ಮಾದೇವಮ್ಮ ಹೊರಗ ಕಟ್ಟಿ ಮ್ಯಾಲ ಕುಂತಿದ್ರು. ಕುಂಡ್ರು ಅನ್ನಲಿಲ್ಲ.

"ನಿಮ್ಮಣ್ಣ ಬಂದಿದ್ದ."

ಡೈರ್ಯಾಗ ಓದಿ, ಹೆಸರು ಹಿಡದು, ಇಲ್ಲೀತನಕ!

"ಛಲೋ ಮನಿಷ್ಯಾ. ಹಣ್ಣು ತಂದಿದ್ದ. ತಂಗಿಗೆ ತಲಿ ಸರಿ ಇಲ್ಲ, ಪಾಪ ಅಂದ. ನನಗೂ ಖರೆ ಅನ್ನಿಸಿತು, ಸುಳ್ಳ್ಯಾಕ? ನೀ ಮಾತಾಡೂ ರೀತಿ ಹಂಗ ಐತಿ. ಎದ್ದು ಹೊಂಟಾಂವ ತಿರುಗಿ ನಿಂತು ಅಂದ — ಕೊಡೂದಾದ್ರ ಕೊಡ್ರಿ ಮನಿ. ಅಡ್ಡ ಇಲ್ಲ. ಒಂದು ಕೀಲಿ ನನ್ನ ಕೈಯಾಗ ಕೊಡ್ರಿ."

ನಾ ಹೊಂಡಾಕ ತಿರುಗಿದೆ.

"ಬಾಗಲಾ ನಂದು, ಬಾಡಗಿ ನಿಂದು, ಕೀಲಿ ಅವಂದಂತ!" ಮಾದೇವಮ್ಮ ಪಿಚಕ್ ಅಂತ ಎಲಿ ಉಗುಳಿದ್ರು. "ಡ್ಯಾಮಿನ ಸರ್ವೇ ಮಾಡಾಕ ಬಂದೋರೂ ಹಿಂಗ ಅಂತಿದ್ರು. ನಿಮ್ಮ ಒಳ್ಳೇದಕ್ಕ ಅಂತ. ಹಣ್ಣು ತಿರುಗಿ ಕೊಟ್ಟು ಕಳಿಸೇನಿ. ಎಲ್ಲಾ ಕೀಲಿ ನೀನ ಇಟ್ಕೋ."

ಆಮ್ಯಾಲ, ಅದೇ ಉಸುರಿನ್ಯಾಗ — "ಬಾಡಗಿ ಸಾವಿರ. ಒಂಬೈನೂರು ಅಂದದ್ದು ಕೀಲಿ ಸಹಿತ."

ಒಂಬೈನೂರಾ ಐವತ್ತಕ್ಕ ಮುಗೀತು. ಇಬ್ಬರಿಗೂ ಸೋತಂಗಾತು. ಹಂಗಾದ್ರ ಸೌದಾ ಬರೋಬರಿ.

ಫೆಬ್ರವರಿ 3

ಅಣ್ಣ ಕುಂತು ಲೆಕ್ಕಾ ಬರೀತಿದ್ದ. ಮುಂದ ನಿಂತೆ.

"ನವನಗರಕ್ಕ ಹೋಗಿದ್ದಿ."

"ನಿನ್ನ ಒಳ್ಳೇದಕ್ಕ."

"ನನಗ ತಲಿ ಸರಿ ಇಲ್ಲಂದಿ."

ಪೆನ್ನಿನ ಟೊಪಗಿ ಹಾಕಿದ, ತಗದ, ಹಾಕಿದ. "ಬ್ಯಾರೆ ಏನನ್ಲಿ? ನಮ್ಮ ಮನ್ಯಾಗ ಜಾಗಾ ಸಾಲಲಿಲ್ಲ ಅನ್ಲ್ಯಾ?"

ಅಷ್ಟ ಅಂದಿದ್ರ ಸಾಕಿತ್ತು ಅಣ್ಣ. ಮೊದಲನೇ ದಿನ ಅಷ್ಟ ಅಂದಿದ್ರ, ಗಾದಿ ಹಾಲ್‌ನ್ಯಾಗ ಇದ್ರೂ ನಡೀತಿತ್ತು. ಟ್ರಂಕು ಎತ್ತಿದೆ. ಒಂದು ಬಾಜೂ ನಾ, ಇನ್ನೊಂದು ಬಾಜೂ ಹಮಾಲ.

ಬಾಗಲಕ್ಕ ಬಂದು ವೈನಿ ಅಂದಳು, "ಊಟಕ್ಕರ ಬರ್ರಿ ನಡುನಡುವ." ಕಣ್ಣು ನೆಲಕ್ಕಿತ್ತು. ಕೈ ತೊಳದಿದ್ದಳು.

ಫೆಬ್ರವರಿ 6. ನವನಗರ

ಮೂರು ದಿನಾತು. ಹಣಿ ಐದು ಸಲ ಬಡೀತು. ಎತ್ತರ ಇದ್ದೋರೆಲ್ಲಾ ಬಗ್ಗಿ ಬರೂವಂಥಾ ಬಾಗಲಾ. ಒಳ್ಳೇದ.

ನಳಕ್ಕ ದಿನಾ ಬಿಟ್ಟು ದಿನಾ ನೀರು. ಅಡಗಿ ಖೋಲಿ ಗ್ವಾಡಿ ಹಸಿ. ಸಂಡಾಸದ ಬಾಗಲಾ ಹಾಕಿದ್ರ ಹತ್ತಂಗಿಲ್ಲ. ಮೂರೂ ಮೊದಲ ನೋಡಬೇಕಿತ್ತು, ನೋಡಲಿಲ್ಲ. ನನ್ನ ತಪ್ಪು.

ಬಚ್ಚಲಕ್ಕ ಪಾಳಿ ಇಲ್ಲ. ಇವತ್ತು ಸುಮ್ಮಸುಮ್ನ ಎರಡು ಸಲ ಜಳಕಾ ಮಾಡಿದೆ.

ಮಧ್ಯಾಹ್ನ ಬಾಗಲಾ ಹಾಕಿಕೊಂಡು ನೆಲದ ಮ್ಯಾಲ ಅಡ್ಡಾದೆ. ಯಾರ ಕಾಲೂ ದಾಟಿ ಹೋಗಲಿಲ್ಲ. ನಿದ್ದಿ ಬರಲಿಲ್ಲ ಮಾತ್ರ. ರೂಢಿ ಇಲ್ಲ.

ಫೆಬ್ರವರಿ 11. ಸಂಜೀ 5.10

ನಾಳಿ ಮುಂಬೈ ಬಸ್ಸು, ನಾಡಿದ್ದು ವಿಮಾನ. ಬ್ಯಾಗು ಕಟ್ಟಿದೆ. ಸ್ಟೋವು ಒರಸಿಟ್ಟೆ. ಏಳು ಲಿವರಿನ ಬೀಗಾ ತಂದೇನಿ, ಮೂರು ಕೀಲಿ. ಒಂದು ಕೊಳ್ಳಾಗ, ಒಂದು ಪಾಸ್‌ಪೋರ್ಟ್ ಚೀಲದಾಗ. ಮೂರನೇದು — ಕೊಡೋರು ಯಾರೂ ಇಲ್ಲ ಅಂತಲ್ಲ. ಕೊಡೂದಿಲ್ಲ.

ಬಾಗಲಾ ಬಡ್ಯಾಕತ್ತಾರ. ಮಾದೇವಮ್ಮ ಅಲ್ಲ, ಅವರು ಬಡಿಯಂಗಿಲ್ಲ, ಹೊರಗಿಂದ ಒದರತಾರ.

ಅಣ್ಣ. "ಮಹಾನಂದಾ, ಬಾಗಲಾ ತಗಿ."

ದೂಡಿ ನೋಡಿದ. ಒಳಗಿಂದ ಚಿಲಕ ಹಾಕೇನಿ. ಮತ್ತ ದೂಡಿದ. ನೂರು ವರ್ಷದ ಸಾಗವಾನಿ, ಅಲುಗಾಡಲಿಲ್ಲ.

"ಒಳಗ ಅದಿ ಏನ?"

ಅದೇನಿ.

ದೂಡೂದು ನಿಂತಿತು. ಹ್ವಾದ್ನೇನೋ ಅಂದ್ಕೊಂಡೆ. ಇಲ್ಲ, ಕೆಳಗಿನ ಸಂದಿನ್ಯಾಗ ಚಪ್ಪಲಿ ಕಾಣ್ತಾವ. ಚಪ್ಪಲಿ ಕಳದ. ಬರಿಗಾಲು ಕಾಣ್ತಾವ. ಇಳಕಲ್ಲಿಂದ ಬಸ್ಸಿನ್ಯಾಗ ನಿಂತ ಬಂದಿರಬೇಕು, ಕಾಲು ಬಾತಾವ.

"ಮಹಾನಂದಾ... ಬರ್ಲೇನು ಒಳಗ?"

ಕೇಳಿದ. ದನಿ ಸಣ್ಣದು. ಇಷ್ಟು ವರ್ಷದಾಗ ಅವ ನನ್ನ ಹಿಂಗ ಕೇಳಿದ್ದು ಇದ ಮೊದಲು.

ತಡಿ ಅಂದೆ. ಬರ್ಯಾಕತ್ತೇನಿ. ಈ ಸಾಲು ಮುಗಿಸಿ ಚಿಲಕ ತಗೀತೇನಿ.