ಹೂಳೆತ್ತುವ ಬೋಟು ಮುಳುಗಿದ್ದು

ಹೊಳೆದಂಡೆ, ಹಡಗಲಿ ತಾಲ್ಲೂಕು
ಭಾನುವಾರ, ೧೪ ಜುಲೈ ೨೦೨೪

ಪ್ರೀತಿಯ ಅತ್ತೆಗೆ, ಸೊಸೆ ದುರ್ಗಾದೇವಿ ಮಾಡುವ ಶರಣಾರ್ಥಿ.

ನಿಮ್ಮ ಮೊಣಕಾಲು ಈಗ ಹೇಗಿದೆ? ಚಿಗಟೇರಿಯಲ್ಲಿ ರೇಖಾಳ ಬಾಣಂತನ ಮಾಡುತ್ತ ನಿಮ್ಮ ಕಾಲಿಗೆ ಬಿಸಿ ಶಾಖ ಕೊಟ್ಟುಕೊಳ್ಳಲು ಪುರುಸೊತ್ತು ಸಿಗುತ್ತದೋ ಇಲ್ಲವೋ. ಅವಳಿಗೆ ಹಾಲು ಸಾಲುತ್ತಿದೆಯೇ? ಕೂಸಿಗೆ ಸಂಜೆ ಹೊತ್ತು ಹೊಟ್ಟೆ ಉಬ್ಬಿದರೆ ಬಜೆ ತೇಯ್ದು ಹಾಕಿ, ನಿಮಗೆ ನಾನು ಹೇಳಬೇಕೇ! ಪತ್ರ ಯಾಕೆ ಬರೆದಳು ಎಂದುಕೊಳ್ಳಬೇಡಿ. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲವೆಂದು ರೇಖಾ ಸ್ಪೀಕರ್ ಹಾಕುತ್ತಾಳೆ, ಬಾಣಂತಿಯ ಕಿವಿಗೆ ಈ ಮಾತು ಬೀಳಬಾರದು. ನಿಮಗೆ ನಿಧಾನವಾಗಿಯಾದರೂ ಓದಲು ಬರುತ್ತದೆ. ಹಿತ್ತಲಿಗೆ ಹೋಗಿ ಒಬ್ಬರೇ ಓದಿಕೊಳ್ಳಿ. ನಮ್ಮ ಕೇರಿಯ ಪಾಲಾಕ್ಷ ಮೀನಿನ ಗಾಡಿ ತೆಗೆದುಕೊಂಡು ಚಿಗಟೇರಿ ಮೇಲೆ ಹರಪನಹಳ್ಳಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಸುತ್ತಲ ಊರುಗಳಿಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್ ಬಾವಿ ಇದೆಯಲ್ಲ, ಅದರ ಮುಂದಿನ ಹೂಳು ತೆಗೆಯಲು ಒಬ್ಬ ಗುತ್ತಿಗೆದಾರ ದೊಡ್ಡ ಇಂಜಿನ್ ಬೋಟು ತಂದು ಬಿಟ್ಟಿದ್ದ. ಶುಕ್ರವಾರದ ಗಾಳಿಗೆ ಅದು ಲಂಗರು ಕಿತ್ತುಕೊಂಡು ಬಂಡೆಗೆ ಬಡಿದು ಮುಳುಗಿತು. ಅದರಲ್ಲಿದ್ದವರು ಈಜಿ ದಂಡೆ ಸೇರಿದರು, ದೇವರು ದೊಡ್ಡವನು. ಆದರೆ ಹಿಂದಿನ ದಿನವಷ್ಟೇ ಟ್ಯಾಂಕಿನ ತುಂಬ ಡೀಸೆಲ್ ಹಾಕಿಸಿದ್ದರಂತೆ. ಶನಿವಾರ ಬೆಳಿಗ್ಗೆ ನಾನು ನೀರಿಗೆ ಹೋದಾಗ ಹೊಳೆಯ ಮೇಲೆ ನವಿಲುಗರಿಯ ಬಣ್ಣದ ಪೊರೆ ತೇಲುತ್ತಿತ್ತು. ಕೊಡ ಅದ್ದಿದವಳು ವಾಸನೆಗೆ ಹಾಗೇ ಚೆಲ್ಲಿ ಬಂದೆ. ದನಗಳು ಮೂಸಿ ಹಿಂದೆ ಸರಿದವು.

ನೀರಿನ ಇಲಾಖೆಯ ಇಂಜಿನಿಯರ್ ಅಮೃತಾ ಮೇಡಂ ಬಂದವರೇ ಪಂಪು ನಿಲ್ಲಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆದರೆ ಗಟ್ಟಿಗಿತ್ತಿ. ಭತ್ತದ ಹುಲ್ಲನ್ನು ಗೋಣಿಚೀಲಕ್ಕೆ ತುಂಬಿಸಿ, ಬಿದಿರಿಗೆ ಕಟ್ಟಿಸಿ, ಜಾಕ್‌ವೆಲ್ ಸುತ್ತ ತೇಲುವ ಬೇಲಿ ಹಾಕಿಸಿದರು. ಕೇರಿಯವರೆಲ್ಲ ಹುಲ್ಲು ಹೊತ್ತೆವು. ಎಣ್ಣೆ ಕುಡಿದ ಚೀಲ ತೆಗೆಯುವುದು, ಹೊಸದು ಕಟ್ಟುವುದು, ಇಷ್ಟೇ ಕೆಲಸ. ಮಧ್ಯಾಹ್ನ ಗಾಳಿ ತಿರುಗಿತು, ಪೊರೆಯೂ ಬೇಲಿಯ ಕಡೆಗೇ ತಿರುಗಿತು. ಮುಳುಗಿದ ಬೋಟಿನ ಡೀಸೆಲ್ ಟ್ಯಾಂಕಿನ ನಲ್ಲಿ ಬಂದ್ ಮಾಡದೆ ಬೇರೆ ದಾರಿಯಿಲ್ಲ ಎಂದರು ಮೇಡಂ. ನಿಮ್ಮ ಮಗ ಆಗಲೇ ಅಂಗಿ ಬಿಚ್ಚಿದ್ದರು.

"ಮೌನೇಶಣ್ಣ, ಮುಳುಗೋ ತಂಡ ಬರ್ತೈತಿ, ನೀವು ಇಳೀಬ್ಯಾಡ್ರಿ," ಎಂದರು ಮೇಡಂ.

"ಅವ್ರು ಬರೋ ಹೊತ್ತಿಗೆ ಹೊಳಿ ಎಲ್ಲಾ ಎಣ್ಣಿ ಆಗಿರ್ತೈತ್ರಿ," ಎಂದರು ಇವರು.

ಇವರು ಕೇಳುವವರಲ್ಲ ಎಂದು ಕಂಡು ಮೇಡಂ ಬೋಟಿನ ನಕ್ಷೆಯನ್ನು ಫೋನಿನಲ್ಲಿ ತೋರಿಸಿ ನಲ್ಲಿ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಎಂದು ತಿಳಿಸಿಕೊಟ್ಟರು. ಇವರ ಸೊಂಟಕ್ಕೆ ಹಗ್ಗ ಕಟ್ಟಿದೆವು. ಪಾಲಾಕ್ಷ ತೆಪ್ಪಕ್ಕೆ ಹುಟ್ಟು ಹಾಕಿದ, ಹಗ್ಗ ನನ್ನ ಕೈಯಲ್ಲಿ. ಎರಡು ಸಲ ಜಗ್ಗಿದರೆ ಮೇಲೆ ಎಳೆ ಅಂತ ಮಾತು. ಎರಡು ಬಾರಿ ಇಳಿದು ಉಸಿರಿಗೆಂದು ಮೇಲೆ ಬಂದರು. ಮೂರನೆಯ ಸಲ ಹೋದವರು ಬರಲೇ ಇಲ್ಲ. ಜಗ್ಗಲೂ ಇಲ್ಲ. ಹಗ್ಗ ಸತ್ತ ಹಾವಿನ ಹಾಗೆ ಕೈಯಲ್ಲಿ ಬಿದ್ದಿತ್ತು. ನಾನೇ ಎಳೆದೆ, ಬರಲಿಲ್ಲ. ಪಾಲಾಕ್ಷ ಹುಟ್ಟು ಬಿಸಾಡಿ ಬಂದು ಹಿಡಿದ, ಇಬ್ಬರೂ ಎಳೆದೆವು, ತೆಪ್ಪ ವಾಲಿ ನೀರು ನುಗ್ಗಿತು. ನಾನು ಏನು ಕೂಗಿದೆನೋ ನನಗೇ ಗೊತ್ತಿಲ್ಲ. ದಂಡೆಯ ಹೆಂಗಸರು ಆಮೇಲೆ ಹೇಳಿದರು, ನಿಮ್ಮ ಹೆಸರು ಹಿಡಿದು ಕೂಗಿದೆನಂತೆ.

ಬೋಟಿಗೆ ಸಿಕ್ಕಿಕೊಂಡಿದ್ದ ಯಾರದೋ ಹಳೇ ಬಲೆ ಕಾಲಿಗೆ ಸುತ್ತಿತ್ತಂತೆ. ಹರಿದುಕೊಂಡು ಮೇಲೆ ಬಂದಾಗ ಮುಖವೆಲ್ಲ ಡೀಸೆಲ್, ಕಣ್ಣು ತೆರೆಯಲಾಗಲಿಲ್ಲ. ತೆಪ್ಪದ ಅಂಚು ಹಿಡಿದು ವಾಂತಿ ಮಾಡಿಕೊಂಡರು. ಮೇಡಂ ದಂಡೆಯಿಂದ "ಸಾಕು, ವಾಪಸ್ ಬರ್ರಿ!" ಎಂದು ಕೂಗುತ್ತಿದ್ದರು.

"ಇನ್ನೊಂದ್ ಸುತ್ತು ಉಳದೈತಿ, ದುರ್ಗಿ. ಹಗ್ಗ ಸಡ್ಲ ಬಿಡು," ಎಂದರು ಇವರು.

"ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಕೂಸುಗಳು ಕುಡಿಯೋ ನೀರೈತಿ ಅದು. ಬಿಡು."

ಅತ್ತೆ, ನಾನು ಬಿಟ್ಟೆ. ನನ್ನ ಕೈಯಾರೆ ಹಗ್ಗ ಸಡಿಲಿಸಿದೆ. ನೀವು ಅಲ್ಲಿದ್ದಿದ್ದರೆ ಬಿಡುತ್ತಿದ್ದಿರೋ ಇಲ್ಲವೋ, ಅದನ್ನೇ ಯೋಚಿಸುತ್ತಿದ್ದೇನೆ. ಹಗ್ಗ ಎರಡು ಸಲ ಅಲುಗಿದಾಗ ನನಗೆ ಹೋದ ಜೀವ ಬಂತು. ಎಳೆದುಕೊಂಡು ತೆಪ್ಪದೊಳಗೆ ಹಾಕಿಕೊಂಡೆವು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಏಳುತ್ತಿದ್ದ ಎಣ್ಣೆಯ ಗುಳ್ಳೆಗಳು ನಿಂತವು. ಸಂಜೆ ಜಾಕ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸಿದರು. ಒಳಗೆ ಎಣ್ಣೆ ಸೇರಿಲ್ಲ ಎಂದು ಇವತ್ತು ಬೆಳಿಗ್ಗೆ ಸುದ್ದಿ ಬಂತು. ಮೇಡಂ ನನ್ನ ಕೈ ಹಿಡಿದುಕೊಂಡು ಅತ್ತರು. ಡಾಕ್ಟರು ಇವರ ಕಣ್ಣಿಗೆ ಹನಿ ಹಾಕಿದ್ದಾರೆ, ಎದೆ ಪರೀಕ್ಷೆ ಮಾಡಿ ಒಂದು ವಾರ ನೀರಿಗಿಳಿಯಬಾರದು ಎಂದಿದ್ದಾರೆ. ನಿನ್ನೆಯಿಂದ ಗಂಜಿ ಮಾತ್ರ ಕುಡಿಯುತ್ತಿದ್ದಾರೆ, ಅದೂ ಡೀಸೆಲ್ ರುಚಿ ಬರುತ್ತದಂತೆ.

ರೇಖಾಗೂ ಕೂಸಿಗೂ ನನ್ನ ಪ್ರೀತಿ ಹೇಳಿ. ಅಳಿಯಂದಿರಿಗೆ ನಮಸ್ಕಾರ. ಕೂಸಿಗೆಂದು ನನ್ನ ಹಳೇ ಸೀರೆಯಲ್ಲಿ ಕೌದಿ ಹೊಲಿದಿಟ್ಟಿದ್ದೇನೆ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ಇಂತಿ ನಿಮ್ಮ ಸೊಸೆ,
ದುರ್ಗಾದೇವಿ

ಮತ್ತೆ: ಪಾಲಾಕ್ಷ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರಂತೆ, ನಾಳೆ ಹೊಳೆ ಏರುತ್ತದೆ. ಬೋಟು ಉರುಳಿದರೆ ಟ್ಯಾಂಕೇ ಒಡೆಯಬಹುದು. ನಾಳೆ ಮುಂಜಾನೆ ತಂಡ ಬರುತ್ತದೆ, ಅಲ್ಲಿಯವರೆಗೆ ಯಾರೂ ನೀರಿಗಿಳಿಯಬಾರದು ಎಂದು ಮೇಡಂ ಕಟ್ಟುನಿಟ್ಟಾಗಿ ಹೇಳಿ ಹೋಗಿದ್ದಾರೆ. ಆದರೆ ಗುತ್ತಿಗೆದಾರನ ಮನುಷ್ಯ ಈಗ ಮನೆಗೇ ಬಂದು, ಬೋಟು ಉರುಳದ ಹಾಗೆ ಇವತ್ತೇ ಅದಕ್ಕೆ ಸರಪಳಿ ಕಟ್ಟಿಕೊಡು ಅಂದ. ಕಣ್ಣು ಬಾತುಕೊಂಡಿದ್ದರೂ ಇವರು ಹೂಂ ಅಂದುಬಿಟ್ಟಿದ್ದಾರೆ. ಸಂಜೆಗೆ ಇಳಿಯುತ್ತಾರಂತೆ. ಮೇಡಂ ಫೋನ್ ಹತ್ತುತ್ತಿಲ್ಲ. ನನ್ನ ಮಾತಿಗೆ ನಗುತ್ತಾರೆ, ನಿಮ್ಮ ಮಾತು ಮಾತ್ರ ಮೀರುವುದಿಲ್ಲ. ಚೀಲ ಕಟ್ಟುತ್ತ ಕೂರಬೇಡಿ. ರೇಖಾಗೆ ಏನಾದರೊಂದು ಸುಳ್ಳು ಹೇಳಿ, ಸಂಜೆಯೊಳಗೆ ಇಲ್ಲಿ ಮುಟ್ಟುವ ಹಾಗೆ ಉಟ್ಟ ಸೀರೆಯಲ್ಲೇ ಪಾಲಾಕ್ಷನ ಗಾಡಿ ಹತ್ತಿಬಿಡಿ.